ಲಿಟಲ್ ಅಂಡಮಾನಿಗೆ ರೈಟ್ ರೈಟ್

‘ಗೊತ್ತಿಲ್ಲ’ ಎಂದು ಮೂರಕ್ಷರ ಹೇಳಿದ್ದರೆ ಜುಂಜಯ್ಯನ ಆ ಭಾನುವಾರ ಸುಖವಾಗಿ ಕಳೆಯುತ್ತಿತ್ತು. ಆದರೆ ಹೊಳಲ್ಕೆರೆ–ಹೊಸದುರ್ಗ ಬಸ್ಸಿನಲ್ಲಿ ಕಂಡಕ್ಟರ್ ಆಗಿ ತಲೆ ನರೆಸಿಕೊಂಡವನ ಬಾಯಲ್ಲಿ ಆ ಮಾತು ಬರುವುದು ಕಷ್ಟ. ಸರ್ವೀಸಿನಲ್ಲಿದ್ದಾಗ ಬಸ್ಸು ಕೆಟ್ಟು ನಿಂತರೂ, “ಇನ್ನೇನು ಹೊಂಟ್ವಿ, ಕುಂತ್ಕಳ್ರಿ” ಎನ್ನುತ್ತಿದ್ದವನು ಅವನು.

ಬೇಕರಿ ಮುಂದೆ ಟೀ ಕುಡಿಯುತ್ತಿದ್ದಾಗ ಬಟ್ಟೆ ಅಂಗಡಿಯ ಹಜರತ್ ಅಲಿ ಕೇಳಿದ್ದು ಇಷ್ಟೇ: “ಅಲ್ಲಾ ಜುಂಜಣ್ಣ, ಎಲ್ರೂ ಗೋವಾಗೆ ಹೋದ್ರೆ ನೀವು ಅದ್ಯಾವ್ದೋ ಲಿಟಲ್ ಅಂಡಮಾನಿಗೆ ಹೋಗಿ ಬಂದ್ರಲ್ಲ, ಅಲ್ಲಿ ನೋಡಾಕೆ ಏನೈತೆ?”

ಜುಂಜಯ್ಯ ಅಲ್ಲಿ ನೋಡಿದ್ದು ಒಂದು ಲಾಡ್ಜಿನ ಸೂರು ಮಾತ್ರ. ಹೆಸರು ‘ಲಿಟಲ್’ ಇರುವುದರಿಂದ ಖರ್ಚೂ ಚಿಕ್ಕದಿರಬಹುದೆಂದು ಆ ದ್ವೀಪವನ್ನು ಆರಿಸಿದವನು ಅವನೇ. ಪೋರ್ಟ್ ಬ್ಲೇರಿನಲ್ಲಿ ಹಡಗು ಹತ್ತುವಾಗ, “ಜೀವಮಾನವೆಲ್ಲ ಬಸ್ಸಿನಾಗೆ ನಿಂತೋನಿಗೆ ಇದ್ಯಾವ ಲೆಕ್ಕ!” ಎಂದು ಎದೆಯುಬ್ಬಿಸಿದ್ದ. ದಡ ಕಣ್ಮರೆಯಾಗುವ ಮೊದಲೇ ಹೊಟ್ಟೆಯೊಳಗಿನ ಇಡ್ಲಿಗಳು ‘ಇಳೀಬೇಕು, ಇಳೀಬೇಕು’ ಎಂದು ಕೂಗತೊಡಗಿದವು. ದ್ವೀಪದ ಹಟ್ ಬೇ ಬಂದರಿನಲ್ಲಿ ಇಬ್ಬರು ಸೇರಿ ಅವನನ್ನು ಜೋಳದ ಮೂಟೆಯಂತೆ ಇಳಿಸಿದರು. ವಾಪಸು ಹೊರಡುವವರೆಗೂ ಅವನು ಮಂಚ ಬಿಟ್ಟು ಏಳಲಿಲ್ಲ. ಹೆಂಡತಿ ಚಿತ್ತಮ್ಮ ಬೆಳಗ್ಗೆ ಗಂಜಿ ಕುಡಿಸಿ ಹೊರಡುತ್ತಿದ್ದಳು. ಸಂಜೆ ಬಂದು ಪಕ್ಕದಲ್ಲಿ ಕೂತು, ಏನೇನಿತ್ತು ಎಂಬುದನ್ನೆಲ್ಲ ಬಣ್ಣಿಸುತ್ತಿದ್ದಳು. ಮಲಗಿದ ಸಂಗತಿ ಊರಲ್ಲಿ ಯಾರಿಗೂ ಹೇಳಕೂಡದೆಂದು ಜುಂಜಯ್ಯ ಅವಳಿಂದ ಆಣೆ ಹಾಕಿಸಿಕೊಂಡಿದ್ದ.

“ಏನೈತೆ ಅಂತೀರಾ ಸಾಬ್ರೇ?” ಜುಂಜಯ್ಯ ಲೋಟ ಕೆಳಗಿಟ್ಟ. “ಕಾಡಿನ ನಡುವೆ ಜಲಪಾತ ಐತೆ, ಹಾಲಿನ ಕ್ಯಾನು ಬಗ್ಗಿಸಿದಂಗೆ! ಕಡಲ ದಂಡೆ ಹೆಂಗೈತೆ ಅಂದ್ರೆ, ಮರಳೋ ರವೆಯೋ ಗೊತ್ತಾಗಲ್ಲ. ಅಲ್ಲಿ ಹಲಗೆ ಮೇಲೆ ನಿಂತ್ಕಂಡು ಅಲೆ ಸವಾರಿ ಮಾಡ್ತಾರೆ.”

“ನೀವೂ ಮಾಡಿದ್ರಾ?”

“ಮಾಡದೆ ಬಿಡ್ತೀನಾ? ಫುಟ್‌ಬೋರ್ಡ್ ಮೇಲೆ ನಿಂತ ಕಾಲು ಸಾಬ್ರೇ ಇವು!”

ಬ್ರೆಡ್ ಕೊಳ್ಳಲು ಬಂದಿದ್ದ ಹೈಸ್ಕೂಲಿನ ಶೋಭಾರಾಣಿ ಟೀಚರ್ ಕಿವಿಗೆ ಇದು ಬಿತ್ತು. ಇಬ್ಬರು ಒಟ್ಟಿಗೆ ನಿಂತರೆ ಅಲ್ಲೊಂದು ಕಾರ್ಯಕ್ರಮ ಮಾಡುವ ಸ್ವಭಾವ ಅವರದು. ಮಧ್ಯಾಹ್ನದ ಹೊತ್ತಿಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಪ್ರಕಟಣೆ ಬಂತು: ‘ಇಂದು ಸಂಜೆ ನಮ್ಮ ಟೆರೇಸಿನಲ್ಲಿ ಕಡಲ ಸಾಹಸಿ ಶ್ರೀ ಜುಂಜಯ್ಯನವರಿಂದ ಲಿಟಲ್ ಅಂಡಮಾನ್ ದರ್ಶನ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಉಂಟು.’

ಇನ್ನೊಂದಿಷ್ಟು ವಿವರ ಕೇಳಿಕೊಳ್ಳೋಣವೆಂದು ಜುಂಜಯ್ಯ ಮನೆಗೆ ಓಡಿದರೆ, ಚಿತ್ತಮ್ಮ ತಾಳ್ಯದ ತಂಗಿಯ ಮನೆಗೆ ಹೋಗಿದ್ದಳು. ಫೋನ್ ಮಾಡಿದ. ಅವಳು ಬಿಟ್ಟು ಹೋದ ಫೋನು ಅಡಿಗೆಮನೆಯಲ್ಲೇ ಬಡಿದುಕೊಂಡಿತು. ‘ಹೋಗ್ಲಿ, ರೂಟು ಗೊತ್ತಿಲ್ದಿದ್ರೂ ಬಸ್ ಓಡಿಸಿದ ಡ್ರೈವರುಗಳನ್ನ ನೋಡಿಲ್ವಾ’ ಎಂದು ಮೀಸೆ ಸವರಿಕೊಂಡು ಇಸ್ತ್ರಿ ಅಂಗಿ ತೊಟ್ಟ.

ಬಜ್ಜಿಯ ವಾಸನೆಗೆ ಬೀದಿಗೆ ಬೀದಿಯೇ ಟೆರೇಸಿಗೆ ಬಂದಿತ್ತು. ಟೀಚರ್ ಮೊಬೈಲ್ ಹಿಡಿದು ಕೇಳಿದರು: “ಸಾರ್, ಅಲ್ಲಿ ನೀರಿಗಿಳಿಯೋ ಮುಂಚೆ ಮೊಸಳೆ ಇದಾವಾ ಅಂತ ವಿಚಾರಿಸಬೇಕು ಅಂತ ಇದರಲ್ಲಿ ಬರೆದಿದಾರೆ. ಹೌದಾ?”

ಚಿತ್ತಮ್ಮ ಮೊಸಳೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಜುಂಜಯ್ಯ ಒಂದು ಬಜ್ಜಿ ಕಚ್ಚುವಷ್ಟು ಹೊತ್ತು ಯೋಚಿಸಿದ.

“ಅವೆ ಅವೆ. ಒಂದು ನನಗೇ ಅಡ್ಡ ಮಲಗಿತ್ತು. ಪುರ್ರ್ ಅಂತ ವಿಷಲ್ ಹೊಡೆದೆ ನೋಡ್ರಿ, ಸೈಡ್ ಕೊಡ್ತು!”

ಚಪ್ಪಾಳೆ ಬಿತ್ತು. ಅಲಿಗೆ ಒಂದೇ ಅನುಮಾನ: “ಹಡಗಿನಾಗೆ ವಾಂತಿ ಆಗಲ್ವಾ ಜುಂಜಣ್ಣ?”

“ವಾಂತಿನಾ? ತೊಟ್ಟಿಲು ತೂಗಿದಂಗೆ ಇರ್ತೈತೆ! ಹಡಗಿನಾಗೆ ವಾಂತಿ ಮಾಡೋನು ಗಂಡಸೇ ಅಲ್ಲ!”

ಆಗ ಮೆಟ್ಟಿಲ ಕಡೆಯಿಂದ ಚಿತ್ತಮ್ಮನ ತಲೆ ಕಾಣಿಸಿತು. ತಾಳ್ಯದ ಬಸ್ಸಿಳಿದವಳು ಗದ್ದಲ ಕೇಳಿ ನೇರ ಮೇಲೆ ಬಂದಿದ್ದಳು. ಟೀಚರ್ ಅವಳ ಕೈಹಿಡಿದು ಮುಂದೆ ಎಳೆದು, ಗಂಡ ಹೇಳಿದ್ದನ್ನೆಲ್ಲ ಒಪ್ಪಿಸಿ, “ಇದೆಲ್ಲ ನಿಜಾನಾ ಚಿತ್ತಮ್ಮಾರೇ?” ಎಂದರು.

ಜುಂಜಯ್ಯನ ಎದೆ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಲಾರಿಯಂತಾಯಿತು. ಚಿತ್ತಮ್ಮ ಗಂಡನ ಮುಖ ನೋಡಿದಳು. ಅಲ್ಲಿ ಬೆವರು ಹನಿಯುತ್ತಿತ್ತು.

“ನಿಜಾನೇ ಕಣ್ರಿ,” ಎಂದಳು. “ಎಲ್ಲಾ ಅವರೇ ಕೈಹಿಡ್ದು ತೋರಿಸಿದ್ರು. ಕತ್ತಲಾದ್ರೂ ನೀರಿಂದ ಮೇಲಕ್ಕೆ ಬರ್ತಿರಲಿಲ್ಲ.”

ಈ ಸಲ ಚಪ್ಪಾಳೆಗೆ ಪಕ್ಕದ ಮನೆಯ ನಾಯಿ ಬೊಗಳಿತು. ಹಜರತ್ ಅಲಿ ಎದ್ದೇ ನಿಂತ. “ಹಂಗಾದ್ರೆ ದಸರಾ ರಜಕ್ಕೆ ಎಲ್ರೂ ಹೋಗಾಣ! ಗೈಡು ಗೀಡು ಯಾಕೆ, ಜುಂಜಣ್ಣ ಇಲ್ವಾ?”

ಟೆರೇಸಿನ ತುಂಬ ಕೈಗಳು ಎದ್ದವು. ಚಿತ್ತಮ್ಮನದೂ ಎದ್ದಿತು. ಬೇಡವೆನ್ನಲು ಬಾಯಿ ತೆರೆದ ಜುಂಜಯ್ಯನಿಂದ ಹಳೇ ಅಭ್ಯಾಸಬಲದಲ್ಲಿ ಹೊರಟದ್ದು “ರೈಟ್ ರೈಟ್!”

ಮನೆ ಸೇರಿದ ಮೇಲೆ ತಾನೇ ಧೈರ್ಯ ತಂದುಕೊಂಡ. “ಹಡಗಿಗೆ ಮಾತ್ರೆ ನುಂಗಿದ್ರಾಯ್ತು ಬಿಡು. ದಡ ಮುಟ್ಟಿದ್ಮೇಲೆ ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ. ಮೂಲೆ ಮೂಲೆ ನೋಡಿದೀಯಲ್ಲ.”

“ನಾನೆಲ್ಲಿ ನೋಡಿದೆ?” ಎಂದಳು ಚಿತ್ತಮ್ಮ.

“ದಿನಾ ಬೆಳಗ್ಗೆ ಹೊಂಟು ಹೋಗ್ತಿದ್ಯಲ್ಲೇ?” ಎಂದ ಜುಂಜಯ್ಯ.

“ನಿಮ್ಮನ್ನ ಆ ಗತೀಲಿ ಬಿಟ್ಟು ಊರು ಸುತ್ತಾಕೆ ನನಗೇನು ಬುದ್ಧಿ ಕೆಟ್ಟಿತ್ತಾ? ದಿನಾ ಕೆಳಗಡೆ ಲಾಡ್ಜಿನ ಅಡಿಗೆಮನೇಲಿ ಒಬ್ಳು ಬಂಗಾಳಿ ಯಮ್ಮನ ಜೊತೆ ಸೊಪ್ಪು ಬಿಡಿಸ್ತಾ ಕುಂತಿದ್ದೆ. ನಾನೂ ನೋಡ್ಲಿಲ್ಲ ಅಂದ್ರೆ ನೀವು ಕೊರಗ್ತೀರಿ ಅಂತ ಹಂಗೆ ಹೇಳಿದ್ದು.”

“ಮತ್ತೆ ಜಲಪಾತ?”

“ಆಯಮ್ಮಂಗೆ ಕನ್ನಡ ಬರಲ್ಲ, ನನಗೆ ಬಂಗಾಳಿ ಬರಲ್ಲ. ಕೈ ಮೇಲಿಂದ ಕೆಳಗೆ ಇಳಿಸಿ ತೋರಿಸಿದ್ಲು. ಜಲಪಾತ ಇರಬೇಕು ಅಂದ್ಕಂಡೆ.”

ಜುಂಜಯ್ಯ ಗೋಡೆ ಹಿಡಿದು ಕೂತ. ಚಿತ್ತಮ್ಮ ಅವನಿಗೊಂದು ಲೋಟ ನೀರು ಕೊಟ್ಟು, ಮುಖ ಅರಳಿಸಿ ಹೇಳಿದಳು:

“ಅದಕ್ಕೇ ಕಣ್ರಿ ನಾನೂ ಕೈ ಎತ್ತಿದ್ದು. ಎಲ್ರಿಗೂ ತೋರಿಸುವಾಗ ನನಗೂ ಒಂದ್ಸಲ ಚೆನ್ನಾಗಿ ತೋರಿಸ್ರಿ.”