ನನ್ನ ಎಲುಬಿನ ಮೇಲೆ ಅಜ್ಜಿಯ ಕಣ್ಣು

ಒಂದು ತಿಂಗಳಿಂದ ಅಜ್ಜಿ ನನಗೆ ಮೂರು ಹೊತ್ತೂ ದನದ ಕಾಲ್ಮೂಳೆಯ ಸಾರು ಕುಡಿಸುತ್ತಿದ್ದರು. ಶಾಲೆ ಬಿಟ್ಟು ಮನೆಯಲ್ಲಿ ಕೂತವನಿಗೆ ಇಷ್ಟು ಉಪಚಾರವೇ ಎಂದು ನಾನು ಕರಗಿಹೋಗಿದ್ದೆ. (ಕರಗುವ ಮೊದಲು ಕಾರಣ ಕೇಳಬೇಕಿತ್ತು.)

ಅಜ್ಜಿಯ ಮಂಡಿ ಸವೆದಿದೆ. ಕಳೆದ ಸಲ ಹಿರಿಯರಿಗೆ ಎಡೆಯಿಡುವ ಚುಸೊಕ್ ಹಬ್ಬದಲ್ಲಿ ತಾತನ ಎಡೆಯ ಮುಂದೆ ನೆಲಕ್ಕೆ ಹಣೆ ಹಚ್ಚಿದವರು ಮೇಲೇಳಲೇ ಇಲ್ಲ. ಎಂಥ ಭಕ್ತಿ ಎಂದುಕೊಂಡು, ಸಿಯೋಲ್‌ನಿಂದ ಬಂದಿದ್ದ ಚಿಕ್ಕಪ್ಪನ ಸಮೇತ ನಾವೆಲ್ಲ ಹತ್ತು ನಿಮಿಷ ಬಗ್ಗಿಯೇ ಇದ್ದೆವು. ಕೊನೆಗೆ ನೆಲದ ಕಡೆಯಿಂದ, "ಯಾರಾದ್ರೂ ಎತ್ರೋ" ಎಂದು ಕೇಳಿಸಿತು.

ಆ ಅವಮಾನ ಅವರಿಗೆ ಅರಗಲಿಲ್ಲ. ಮುಂದಿನ ಹಬ್ಬಕ್ಕೆ ತಾವೇ ಬಾಗಿ ತಾವೇ ಏಳಬೇಕೆಂದು, ಮಂಡಿಗೆ ಕಾಂಡಕೋಶದ, ಅಂದರೆ ಸ್ಟೆಮ್ ಸೆಲ್‌ನ, ಇಂಜೆಕ್ಷನ್ ಹಾಕಿಸಿಕೊಳ್ಳಲು ಮೊಕ್ಪೋ ಪಟ್ಟಣದ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನು.

"ಮೂಳೆಯೊಳಗಿನ ಮಜ್ಜೆ ತೆಗೆದು, ಅದರಿಂದ ಕಾಂಡಕೋಶ ಬೇರೆ ಮಾಡಿ ಮಂಡಿಗೆ ಕೊಡ್ತೀವಿ," ಎಂದರು ಡಾಕ್ಟರು.

ಅಜ್ಜಿ ನನ್ನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ತಳ್ಳಿದರು. "ತಗೊಳ್ಳಿ. ಹದಿನೇಳು ವರ್ಷದ್ದು. ಸಾರು ಕುಡಿಸಿ ಗಟ್ಟಿ ಮಾಡಿ ತಂದಿದ್ದೀನಿ."

"ಅಜ್ಜಿ, ನನ್ನ ಮೂಳೆನಾ?"

"ಮತ್ತೆ? ನಂದು ಎಪ್ಪತ್ತಾರು ವರ್ಷದ್ದು ಕಣೋ ಗ್ಯುಹೊ. ಹಳೇದನ್ನೇ ತೆಗೆದು ಹಾಕೋದಾದ್ರೆ ಇಲ್ಲಿಗ್ಯಾಕೆ ಬರ್ಬೇಕು?"

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಸಾರು ಕುಡೀತಿದ್ಯಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅಜ್ಜಿ, ತೆಗೆಯೋದು ನಿಮ್ಮ ಸೊಂಟದ ಮೂಳೆಯಿಂದಾನೇ. ಇವನದ್ದು ಬೇಡ. ಮಂಡಿ ಹೊಸದಾಗುತ್ತೆ ಅಂತ ನಾನು ಹೇಳಲ್ಲ, ನೋವು ಕಮ್ಮಿ ಆಗ್ಬಹುದು."

"ಎದ್ದು ನಿಲ್ಲೋವಷ್ಟಾದ್ರೆ ಸಾಕು," ಎಂದ ಅಜ್ಜಿ, ಕೆಟ್ಟುಹೋದ ಮೀನನ್ನು ನೋಡುವಂತೆ ನನ್ನನ್ನು ನೋಡಿದರು.

ನನಗೆ ಹೋದ ಜೀವ ಬಂತು. ಜೀವದ ಜೊತೆ ಶೌರ್ಯವೂ ಬಂತು. "ಹೆದರಬೇಡಿ ಅಜ್ಜಿ, ಪಕ್ಕದಲ್ಲೇ ನಿಂತು ನಿಮ್ಮ ಕೈ ಹಿಡ್ಕೊಂಡಿರ್ತೀನಿ," ಎಂದು ಘೋಷಿಸಿ ಅವರ ಹಿಂದೆಯೇ ಮಜ್ಜೆ ತೆಗೆಯುವ ಕೋಣೆಯೊಳಗೆ ಹೋದೆ.

ಅಲ್ಲಿ ತಟ್ಟೆಯಲ್ಲಿ ಸೂಜಿ ಇಟ್ಟಿದ್ದರು. ಅದಕ್ಕೆ ಸೂಜಿ ಎಂದು ಹೆಸರಿಟ್ಟವರು ಬಹಳ ದಾಕ್ಷಿಣ್ಯದವರಿರಬೇಕು. ಅದರ ಉದ್ದ ಎಷ್ಟೆಂದು ಅಂದಾಜು ಮಾಡುತ್ತಿದ್ದಂತೆ ಛಾವಣಿ ನಿಧಾನವಾಗಿ ವಾಲಿತು.

ಪ್ರಜ್ಞೆ ಬಂದಾಗ ನನ್ನ ಬೆನ್ನಿನ ಕೆಳಗೆ ಮೆತ್ತನೆಯ ಹಾಸಿಗೆಯಿತ್ತು. ಕಣ್ಣು ತೆರೆಯಲು ನಾಚಿಕೆಯಾಗಿ ಸುಮ್ಮನೆ ಬಿದ್ದಿದ್ದೆ.

"ಅಜ್ಜಿ, ಬನ್ನಿ, ಮಲಗಿಕೊಳ್ಳಿ," ಎಂದಳು ನರ್ಸ್.

"ಎಲ್ಲಿ ಮಲಗ್ಲಮ್ಮ? ಹಾಸಿಗೆ ಮೇಲೆ ಇವನಿದ್ದಾನೆ." ಅಜ್ಜಿಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಡಾಕ್ಟ್ರೇ, ಹೇಗೂ ಮಲಗಿದ್ದಾನೆ. ಎಚ್ಚರ ಆಗೋದ್ರೊಳಗೆ ಒಂದಿಷ್ಟು ತೆಗೆದುಬಿಡಿ."