ಭಾವ ಸಾಫ್ಟ್‌ವೇರ್ ಹುಡುಕಿದ್ದು

ಒಂದು ಸಾಲನ್ನೂ ಬರೆಯದೆ ಲೇಖಕನಾಗಿ ಉಳಿಯುವುದು ಸುಲಭದ ಕೆಲಸವಲ್ಲ. ನಮ್ಮ ಭಾವ ಅದನ್ನು ಎರಡು ವರ್ಷದಿಂದ ಸಾಧಿಸಿಕೊಂಡು ಬಂದಿದ್ದಾರೆ! ಪುಸ್ತಕ ಬರೆಯಲು ಇವರಷ್ಟು ಸಿದ್ಧತೆ ಮಾಡಿಕೊಂಡವರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಚಾಮರಾಜನಗರದ ಒಂದು ಪತ್ರಿಕಾ ಕಚೇರಿಯಲ್ಲಿ ಸುದ್ದಿ ಬರೆಯುವ, ತಿದ್ದುವ ಕೆಲಸ ನನ್ನದು. ಯಾವುದೇ ಮಾತನ್ನು ಇಬ್ಬರಿಂದ ಕೇಳಿ ಖಚಿತಪಡಿಸಿಕೊಳ್ಳದೆ ಬರೆಯುವುದಿಲ್ಲ. ಇದನ್ನೂ ಹಾಗೇ ಖಚಿತಪಡಿಸಿಕೊಂಡಿದ್ದೇನೆ. ಒಬ್ಬಳು ನನ್ನ ಅಕ್ಕ, ಅಂದರೆ ಅವರ ಹೆಂಡತಿ. ಇನ್ನೊಬ್ಬರು ಖುದ್ದು ಭಾವ.

ಭಾವ ಲಾರಿ ಓಡಿಸುತ್ತಿದ್ದವರು. ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಟೊಮೆಟೊ, ಕೋಸು, ಈರುಳ್ಳಿ ತುಂಬಿಕೊಂಡು ಗಡಿಯ ಬಳಿಯ ಮದ್ದೂರಿನ ಕಾಡು ದಾಟಿ ಕೇರಳದಲ್ಲಿ ಇಳಿಸಿ ಬರುವುದು, ಮತ್ತೆ ತುಂಬುವುದು. ಜೀವಮಾನವೆಲ್ಲ ಇದೇ. ಮೊಣಕಾಲು ಇನ್ನು ಲಾರಿಯ ಕ್ಲಚ್ ತುಳಿಯಲಾರೆ ಎಂದ ಮೇಲೆ ಗಾಡಿ ಮಾರಿ ಮನೆಯಲ್ಲಿ ಕೂತರು. ಮನೆಯಲ್ಲಿ ಕೂತರು ಎನ್ನುವುದು ತಪ್ಪು ವರದಿ. ಮಾರುಕಟ್ಟೆ ಎದುರಿನ ಟೀ ಅಂಗಡಿಯಲ್ಲಿ ಕೂತರು.

ಅಲ್ಲಿ ಅವರ ಕತೆ ಕೇಳಬೇಕು! ಘಟ್ಟದ ತಿರುವಿನಲ್ಲಿ ಬ್ರೇಕ್ ಹೋದದ್ದು, ಮರಿಯಾನೆಯೊಂದು ಹಿಂದಿನಿಂದ ಸೊಂಡಿಲು ಹಾಕಿ ಕೋಸನ್ನು ಒಂದೊಂದಾಗಿ ಆರಿಸಿ ತಿಂದದ್ದು, ಮಳೆಯಲ್ಲಿ ಟಾರ್ಪಾಲು ಹಾರಿಹೋಗಿ ಇಡೀ ಲೋಡು ಕೊತ್ತಂಬರಿ ಸ್ನಾನ ಮಾಡಿಕೊಂಡು ಕ್ಯಾಲಿಕಟ್ ತಲುಪಿದ್ದು. ಕೇಳುತ್ತ ನಿಂತ ಟೀ ಅಂಗಡಿಯವನ ಹಾಲು ಉಕ್ಕಿ ಒಲೆ ಆರುತ್ತಿತ್ತು. ಕೊನೆಗೆ ಅವನು ಇವರ ಬೆಂಚನ್ನೇ ಒಲೆಗೆ ಬೆನ್ನು ಮಾಡಿ ಹಾಕಿಸಿದ.

ಊರಿಗೆಲ್ಲ ಇಷ್ಟು ಹೇಳುವ ಮನುಷ್ಯ ಮನೆಯೊಳಗೆ ಕಾಲಿಟ್ಟರೆ ಮೂರೇ ಮಾತು. ನೀರು. ಊಟ. ಫ್ಯಾನು.

ಒಂದು ದಿನ ಅಕ್ಕ ಕೇಳಿಯೇಬಿಟ್ಟಳು. ಆವತ್ತು ನಾನೂ ಊಟಕ್ಕಿದ್ದೆ.

"ಟೀ ಅಂಗ್ಡಿಯೋನ್ಗೆ ಗೊತ್ತು, ಪಂಚರ್ ಹಾಕೋನ್ಗೆ ಗೊತ್ತು. ಇಷ್ಟು ವರ್ಸ ನೀವು ಎಲ್ಲಿದ್ರಿ, ಏನ್ ಮಾಡ್ತಿದ್ರಿ ಅಂತ ನಂಗೊಬ್ಳಿಗೇ ಗೊತ್ತಿಲ್ಲ. ಬಾಯಲ್ಲಿ ಯೋಳಕ್ಕಾಗ್ದಿದ್ರೆ ಬರ್ದು ಕೊಡಿ. ಓದ್ಕತೀನಿ."

ಅಕ್ಕ ಹೇಳಿದರೆ ಓದುವವಳೇ. ನಮ್ಮ ಪತ್ರಿಕೆಯಲ್ಲಿ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವಳು ಅವಳೊಬ್ಬಳೇ. ಭಾವ ತಲೆಯೆತ್ತದೆ ಇನ್ನೊಂದು ಮುದ್ದೆ ಹಾಕಿಸಿಕೊಂಡು, ಅದನ್ನೂ ಮುಗಿಸಿ, ಕೈ ತೊಳೆದು, ನನ್ನ ಹೆಗಲ ಮೇಲೆ ಕೈ ಇಟ್ಟರು.

"ಬರೀತೀನಿ ಕಣ್ಲಾ. ಆದ್ರೆ ಒಳ್ಳೆ ಗಾಡಿ ಬೇಕು."

ಹೀಗೆ ಆರಂಭವಾಯಿತು, ನೋಡಿ!

ಲ್ಯಾಪ್‌ಟಾಪ್ ಕೊಳ್ಳಲು ಮೈಸೂರಿಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯಲ್ಲಿ ಅದನ್ನು ಮಗುಚಿ, ಟೈರು ತಟ್ಟುವ ಹಾಗೆ ಬೆನ್ನು ತಟ್ಟಿ, ಕಿವಿಗೊಟ್ಟು ಕೇಳಿದರು.

"ಏರಲ್ಲಿ ಎಳೀತದಾ?"

"ಏರಲ್ಲಿ ಅಂದ್ರೆ ಸಾರ್?" ಮಾರುವವನು ನನ್ನ ಮುಖ ನೋಡಿದ.

"ದೊಡ್ಡ ಪುಸ್ತಕ ಕಣಪ್ಪ. ಲೋಡು ಜಾಸ್ತಿ ಅದೆ."

ಮನೆಗೆ ತಂದ ಮೇಲೆ ಹೊಸ ಗಾಡಿಗೆ ಸಲ್ಲಬೇಕಾದ ಮರ್ಯಾದೆಯೆಲ್ಲ ಸಂದಿತು. ಪರದೆಯ ಮೇಲೆ ವಿಭೂತಿ, ಕುಂಕುಮ, ಸುತ್ತ ಚೆಂಡುಹೂವಿನ ಹಾರ, ಬಾಗಿಲಲ್ಲಿ ಬೂದುಗುಂಬಳ ಒಡೆದದ್ದು, ಎಲ್ಲ ಸರಿ. ಉಳಿದದ್ದು ನಿಂಬೆಹಣ್ಣು. ಹೊಸ ಗಾಡಿ ನಿಂಬೆಹಣ್ಣು ಹತ್ತಿಸದೆ ಹೊರಡುವುದುಂಟೇ? ಮೂಲೆಗೊಂದು ಹಣ್ಣು ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಎರಡೂ ಅಂಗೈ ಊರಿ ಒತ್ತಿದರು. ಹಣ್ಣು ಜಗ್ಗಲಿಲ್ಲ. "ಲೋಡು ಸಾಲ್ದು" ಎಂದು ಮೊಣಕೈ ಊರಿದರು. ಜಗ್ಗಿತು! ಗಾಳಿಯಾಡಲೆಂದು ತಳದಲ್ಲಿ ಬಿಟ್ಟ ಸೀಳುಗಳಿಂದ ರಸ ಒಳಗೆ ಹೋಯಿತು. ಚಾಮರಾಜನಗರದ ರಿಪೇರಿಯವನು ಮುಚ್ಚಳ ಬಿಚ್ಚಿ ಮೂಸಿ ನೋಡಿ ಕೇಳಿದ: "ಸಾರ್, ರಿಪೇರಿಗೆ ತಂದ್ರಾ, ಉಪ್ಪಿನಕಾಯಿ ಹಾಕ್ಸಕ್ಕೆ ತಂದ್ರಾ?"

ಗಾಡಿ ಸರಿಹೋಯಿತು. ಇನ್ನು ಸಾಫ್ಟ್‌ವೇರ್.

ಬರೆಯಲು ಸಾಫ್ಟ್‌ವೇರ್ ಯಾಕೆ, ಬಿಳಿ ಹಾಳೆ ಪೆನ್ನು ಸಾಲದೇ ಎಂದು ನಾನು ಕೇಳದೆ ಇರಲಿಲ್ಲ. ಭಾವ ನನ್ನನ್ನು ಕನಿಕರದಿಂದ ನೋಡಿದರು. "ಎತ್ತಿನ ಗಾಡೀಲಿ ಕ್ಯಾಲಿಕಟ್ಟಿಗೆ ಟೊಮೆಟೊ ತಗಂಡೋಗು ಅಂತೀಯಲ್ಲಾ!" ಲೇಖಕರ ಅಧ್ಯಾಯ, ಪಾತ್ರ, ಟಿಪ್ಪಣಿ ಎಲ್ಲವನ್ನೂ ಜೋಡಿಸಿಕೊಡುವ, ಮನಸ್ಸು ಅತ್ತಿತ್ತ ಹೋಗದಂತೆ ಹಿಡಿದಿಡುವ ಸಾಫ್ಟ್‌ವೇರ್‌ಗಳಿವೆ ಎಂದು ಅವರು ಮೊಬೈಲಿನಲ್ಲಿ ವಿಡಿಯೊ ನೋಡಿ ತಿಳಿದುಕೊಂಡಿದ್ದರು. ಅವನ್ನು ಉಚಿತವಾಗಿ ಸ್ವಲ್ಪ ಕಾಲ ಬಳಸಿ ನೋಡಬಹುದು ಎಂಬುದನ್ನೂ.

ಮೊದಲನೆಯದರಲ್ಲಿ ಒಂದು ಹಲಗೆ, ಅದರ ಮೇಲೆ ಸಣ್ಣ ಸಣ್ಣ ಚೀಟಿ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಚೀಟಿ ಮಾಡಿ, ಬೇಕಾದ ಹಾಗೆ ಹಿಂದೆಮುಂದೆ ಎಳೆದು ಜೋಡಿಸಬಹುದು. ಭಾವನಿಗೆ ಬಹಳ ಹಿಡಿಸಿತು. ನಾನು ಹೋದಾಗಲೆಲ್ಲ ಜೋಡಿಸುತ್ತಲೇ ಇರುತ್ತಿದ್ದರು. ಬೇಸಿಗೆ ಕಳೆದು ಮಳೆ ಬಂತು, ಚೀಟಿಗಳು ಇನ್ನೂ ಓಡಾಡುತ್ತಲೇ ಇದ್ದವು. ಇದೇನು ಕ್ರಮ ಎಂದು ಕೇಳಿದೆ.

"ನೋಡ್ಲಾ, ಈರುಳ್ಳಿ ಮೂಟೆ ಯಾವತ್ತೂ ತಳಕ್ಕೆ. ಟೊಮೆಟೊ ಮೇಲ್ಗಡೆ. ಸಾವು, ಆಕ್ಸಿಡೆಂಟು ಇವೆಲ್ಲ ಭಾರದ ಅಧ್ಯಾಯ, ಕೆಳಗಡೆ ಹಾಕಿವ್ನಿ. ನಗೋವು ಮೇಲೆ. ಎಲ್ಲಾ ಭಾರನೂ ಒಂದೇ ಕಡೆ ಹಾಕ್ಬುಟ್ರೆ ಓದೋನು ತಿರುವಲ್ಲಿ ಪಲ್ಟಿ ಹೊಡ್ದೋಯ್ತನೆ!"

ಇಷ್ಟು ವರ್ಷ ಪತ್ರಿಕೆಯ ಪುಟ ಕಟ್ಟಿದ ನನಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಒಂದೇ ಕೊರತೆ: ಯಾವ ಚೀಟಿಯನ್ನು ಒತ್ತಿದರೂ ಒಳಗೆ ಖಾಲಿ.

"ಲೋಡು ಎಲ್ಲಿ ಭಾವ?"

"ಮೊದ್ಲು ಗಾಡಿ ಪಾಸಾಗ್ಲಿ ಇರು."

ಉಚಿತ ಅವಧಿ ಮುಗಿದು ಗಾಡಿಯೇ ಹೋಯಿತು. ಎರಡನೆಯ ಸಾಫ್ಟ್‌ವೇರ್ ಕಟ್ಟುನಿಟ್ಟಿನದು. ದಿನಕ್ಕೆ ಇಷ್ಟು ಪದ ಎಂದು ಗುರಿ ಹಾಕಿಕೊಂಡರೆ, ಬರೆದ ಹಾಗೆಲ್ಲ ಒಂದು ಹಸಿರು ಪಟ್ಟಿ ಉದ್ದವಾಗುತ್ತದೆ, ಗುರಿ ಮುಟ್ಟಿದರೆ ಪರದೆಯ ತುಂಬ ಬಣ್ಣದ ಕಾಗದ ಉದುರುತ್ತದೆ. ವಾರದೊಳಗೆ ಭಾವ ಫೋನ್ ಮಾಡಿ, ದಿನಾ ಕಾಗದ ಉದುರುತ್ತಿದೆ ಎಂದು ಸಂಭ್ರಮಪಟ್ಟರು. ನಾನು ಸಂತೋಷದಿಂದ ಸಂಜೆಯ ಬಸ್ಸು ಹತ್ತಿ ಹೋದೆ. ಮೊದಲ ಸಾಲು ಓದಿದೆ. ಎಲ್ಲೋ ಕಂಡ ಶೈಲಿ! ಎರಡನೆಯ ಸಾಲಿಗೆ ಗೊತ್ತಾಯಿತು. ಕುದೇರಿನ ಕೆರೆ ಹೂಳೆತ್ತುವ ಬಗ್ಗೆ ಹಿಂದಿನ ವಾರ ನಾನೇ ಬರೆದ ಸುದ್ದಿ! ನಮ್ಮ ಪತ್ರಿಕೆಯ ವೆಬ್‌ಸೈಟಿನಿಂದ ಎತ್ತಿ ಅಂಟಿಸಿದ್ದರು. ಅದರ ಕೆಳಗೆ ಉಚಿತ ಕಣ್ಣಿನ ತಪಾಸಣಾ ಶಿಬಿರ.

"ಭಾವ, ಇದು ನಾನು ಬರೆದದ್ದು!"

"ಯಾರ ಹೊಲದ್ದಾದ್ರೇನ್ಲಾ, ಲೋಡು ಮುಟ್ತಲ್ಲ!"

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಅದ್ನ ನಾನು ಪೇಪರ್ನಲ್ಲೇ ಓದಾಯ್ತು. ಬೇರೇದು ಬರ್ಯಕ್ಕೇಳು."

ಮೂರನೆಯದು ಭಯಂಕರ. ಒಂದು ಗುಂಡಿ ಒತ್ತಿದರೆ ಬರೆಯುವ ಪುಟವೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ವಿಡಿಯೊ ಇಲ್ಲ, ಸುದ್ದಿ ಇಲ್ಲ, ಇಸ್ಪೀಟು ಆಟ ಇಲ್ಲ. ಹೊತ್ತು ಮುಗಿಯುವವರೆಗೆ ಹೊರಬರುವ ದಾರಿಯೇ ಇಲ್ಲ. ಇದಾದರೂ ಭಾವನನ್ನು ಹಿಡಿದು ಕೂರಿಸೀತು ಎಂದು ನಾನೇ ಹಾಕಿಕೊಟ್ಟೆ. ಪುಟ ಪುಟ ತುಂಬುವುದೊಂದೇ ಬಾಕಿ ಎಂದುಕೊಂಡೆ. ಆದರೆ ಒಂದು ವಿಷಯ ಮರೆತಿದ್ದೆ. ರಾತ್ರಿ ಕಾಡಿನ ರಸ್ತೆಯ ಗೇಟು ಹಾಕಿದಾಗ ಲಾರಿಯವನು ಏನು ಮಾಡುತ್ತಾನೆ? ಗೇಟಿನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ಸೀಟು ಹಿಂದಕ್ಕೆ ಮಾಡಿ, ಮುಖದ ಮೇಲೆ ಟವಲು ಹಾಕಿಕೊಂಡು ಮಲಗುತ್ತಾನೆ!

ಮಾರನೆಯ ಮಧ್ಯಾಹ್ನ ಅಕ್ಕನ ಫೋನು. "ಏನ್ ಹಾಕ್ಕೊಟ್ಟಿದ್ದೀಯಪ್ಪಾ ಅದ್ರೊಳಗೆ? ಒಳ್ಳೆ ನಿದ್ದೆ ಮಾತ್ರೆ ಆಗದೆ! ಗುಂಡಿ ಒತ್ತುದ್ರು, ಗೇಟ್ ಹಾಕುದ್ರು ಅಂದ್ರು, ಗೊರ್ಕೆ."

ನಾನು ನಕ್ಕೆ. ಅಕ್ಕ ನಗಲಿಲ್ಲ. "ನಂಗೆ ಬರ್ದು ಕೊಡಾಕೆ ಅವ್ರಿಗೆ ಇಷ್ಟ ಇಲ್ವೇನೋ ಕಣಪ್ಪ. ಬುಡು, ಇನ್ನು ಕೇಳಲ್ಲ ನಾನು" ಎಂದಳು.

ಅವಳು ಬಿಟ್ಟರೂ ನಾನು ಬಿಡುವಂತಿರಲಿಲ್ಲ. ಟೀ ಅಂಗಡಿಗೇ ಹೋಗಿ, ಭಾವನನ್ನು ಪಕ್ಕಕ್ಕೆ ಕರೆದು ಅಕ್ಕ ಹೇಳಿದ್ದನ್ನು ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದೆ. ಭಾವ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು.

"ಇಲ್ಲಿ ಇವ್ರು ಮುಂದೆ ಕೂತಿರ್ತರೆ. ನಗ್ತರೆ. ಆಮೇಕೇನಾಯ್ತು ಅಂತ ಕೇಳ್ತರೆ, ಬಾಯಿ ತಾನಾಗೇ ಓಡ್ತದೆ. ಅದರ ಮುಂದೆ ಕೂತ್ರೆ ಬಿಳೇ ಪರದೆ ಕಣ್ಲಾ. ನಗಲ್ಲ, ಕೇಳಲ್ಲ."

"ಹಂಗಾದ್ರೆ ಅಕ್ಕನ ಮುಂದೇ ಕೂತು ಹೇಳಿ."

"ಅಯ್ಯೋ! ಇಷ್ಟು ವರ್ಸ ಅವ್ಳಿಗೆ ಒಂದ್ ಮಾತೂ ಯೋಳ್ನಿಲ್ಲ. ಈಗ ಎಲ್ಲಿಂದ ಸುರು ಮಾಡ್ಲಿ?" ಎಂದವರು ಒಡನೆಯೇ ಮುಖ ಅರಳಿಸಿಕೊಂಡರು. "ಕಾಡಾಚೆ ಬತ್ತೇರೀಲಿ ಒಂದು ಕಂಪ್ಯೂಟರ್ ಅಂಗ್ಡಿ ಅದೆಯಂತೆ. ಕೇರಳದ ಕತೆಗಾರ್ರೆಲ್ಲ ಅಲ್ಲಿಂದ್ಲೇ ಸಾಫ್ಟ್‌ವೇರ್ ತಗಳಾದಂತೆ. ಭಾನ್ವಾರ ಓಗನ!"

ಸಾಫ್ಟ್‌ವೇರ್ ಮನೆಯಲ್ಲಿ ಕೂತೇ ಇಳಿಸಿಕೊಳ್ಳಬಹುದು, ಅದಕ್ಕಾಗಿ ರಾಜ್ಯ ದಾಟಬೇಕಿಲ್ಲ ಎಂದೆ. "ಕಣ್ಣಲ್ಲಿ ನೋಡ್ದೆ ಯಾರ್ಲಾ ಗಾಡಿ ತಗಳೋರು?" ಎಂದರು.

ಭಾನುವಾರ ಹೊರಡುವ ಹೊತ್ತಿಗೆ ಅಕ್ಕ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬತ್ತೀನಿ. ನಿಮ್ಮ್ ಸಾಫ್ಟ್‌ವೇರ್ ನೋಡಕ್ಕಲ್ಲ. ಆ ರೋಡ್ ನೋಡ್ಬೇಕು." ಗುಂಡ್ಲುಪೇಟೆಗೆ ಸೊಸೆಯಾಗಿ ಬಂದಾಗಿನಿಂದ ಆ ರಸ್ತೆಯ ಲಾರಿಗೆ ಬುತ್ತಿ ಕಟ್ಟಿದವಳು, ಆ ರಸ್ತೆಯಲ್ಲಿ ಮದ್ದೂರಿನ ಆಚೆಗೆ ಒಮ್ಮೆಯೂ ಹೋದವಳಲ್ಲ.

ನನ್ನ ಕಾರು, ಆದರೆ ಸ್ಟೀರಿಂಗ್ ಭಾವನದು. ಕಾರಿನ ಕ್ಲಚ್ಚು ಬೆಣ್ಣೆ, ಮೊಣಕಾಲಿಗೆ ಗೊತ್ತೇ ಆಗುವುದಿಲ್ಲವಂತೆ. ಅಕ್ಕ ಅವರ ಪಕ್ಕ. ಹಿಂದೆ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪ್. ದಾರಿಯುದ್ದ ಭಾವನ ಕಣ್ಣು ರಸ್ತೆಯ ಮೇಲೆ, ಅಕ್ಕನದು ಕಿಟಕಿಯಾಚೆ. ಮದ್ದೂರು ದಾಟಿ ಕಾಡಿನೊಳಗೆ ಸ್ವಲ್ಪ ದೂರ ಹೋಗುತ್ತಲೂ ಮುಂದಿನ ಲಾರಿ ನಿಂತಿತು. ಅದರ ಮುಂದೆ ಬಸ್ಸು. ಬಸ್ಸಿನ ಮುಂದೆ, ರಸ್ತೆಯ ನಟ್ಟನಡುವೆ, ಯಾರ ಬಗ್ಗೆಯೂ ತಲೆ ಕೆಡಿಸಿಕೊಳ್ಳದೆ, ಒಂದು ಆನೆ.

ಮುಂದೆ ಹೋಗುವಂತಿಲ್ಲ. ಹಿಂದೆ ಆಗಲೇ ಸಾಲುಗಟ್ಟಿತ್ತು. ಇಳಿಯುವಂತಿಲ್ಲ. ಮೊಬೈಲು ತೆಗೆದು ನೋಡಿದೆ, ಸಿಗ್ನಲ್ ಇಲ್ಲ. ಮೂರನೆಯ ಸಾಫ್ಟ್‌ವೇರ್ ಏನೇನು ಮುಚ್ಚುತ್ತಿತ್ತೋ ಅದನ್ನೆಲ್ಲ ಆ ಆನೆ ಒಂದೇ ಸಲಕ್ಕೆ ಮುಚ್ಚಿಹಾಕಿತ್ತು!

ಭಾವ ಎಂಜಿನ್ ಆರಿಸಿದರು. ಇನ್ನೇನು ಟವಲು ಹುಡುಕುತ್ತಾರೆ ಎಂದುಕೊಂಡೆ. ಹುಡುಕಲಿಲ್ಲ. ಎಡಕ್ಕಿದ್ದ ದೊಡ್ಡ ಮತ್ತಿಮರವನ್ನೇ ನೋಡುತ್ತಿದ್ದರು.

"ಇಲ್ಲೇ" ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

"ಏನು ಇಲ್ಲೇ?" ಅಕ್ಕ ಕೇಳಿದಳು.

"ಮದ್ವೆ ಆದ್ಮೇಲೆ ಮೊದಲ್ನೇ ಟ್ರಿಪ್ಪು. ಕೋಸಿನ ಲೋಡು. ಇದೇ ಮರದ ತಾವು ಆನೆ ನಿಂತ್ಬುಡ್ತು. ನೀನು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಕೊಟ್ಟಿದ್ದೆ."

"ಆಮೇಕೆ?"

ನಾನು ಲ್ಯಾಪ್‌ಟಾಪ್ ತೆರೆದೆ. ಚೀಟಿಯೂ ಇಲ್ಲದ, ಹಸಿರು ಪಟ್ಟಿಯೂ ಇಲ್ಲದ ಒಂದು ಬೋಳು ಪುಟ. ಎದುರಿಗೆ ಯಾರಾದರೂ ಮಾತಾಡಿದರೆ ಬರೆದುಕೊಳ್ಳುವುದು ನನ್ನ ಹೊಟ್ಟೆಪಾಡು. ಬೆರಳು ತಾವಾಗಿ ಹೊರಟವು.

"ಎದುರ್ಗಡೆ ಒಂದು ಕೇರಳದ ಲಾರಿ ನಿಂತಿತ್ತು. ಅವ್ನೂ ಬೆಳಗ್ಗಿಂದ ಉಂಡಿರ್ನಿಲ್ಲ. ಆನೆ ಕಾಡಿಗಿಳಿದ್ಮೇಲೆ ಗಾಡಿ ಪಕ್ಕಕ್ಕಾಕ್ಕೊಂಡು ಇಬ್ರೂ ಹಂಚ್ಕೊಂಡು ತಿಂದೊ. ಚಟ್ನೀನ ನೆಕ್ಕಿ ನೆಕ್ಕಿ ತಿಂದ. ಚೇಟ್ಟಾ, ಅಂದ್ರೆ ಅಣ್ಣಾ, ಇದ್ಯಾರು ಮಾಡಿದ್ದು ಅಂತ ಕೇಳ್ದ." ಭಾವ ಸ್ಟೀರಿಂಗಿನ ಮೇಲಿನ ಧೂಳು ಒರೆಸಿದರು. "ನನ್ ಹೆಂಡ್ತಿ ಅಂದೆ. ಆ ಮಾತ ನಾನು ಬಾಯ್ಬುಟ್ಟು ಯೋಳಿದ್ದು ಅದೇ ಮೊದ್ಲು. ನಿನ್ ಮುಂದೂ ಯೋಳಿರ್ನಿಲ್ಲ, ನಮ್ಮವ್ವನ ಮುಂದೂ ಯೋಳಿರ್ನಿಲ್ಲ. ಗುರ್ತು ಪರಿಚಯ ಇಲ್ದೋನ ಮುಂದೆ ಯೋಳ್ದೆ. ಯೋಳ್ಬುಟ್ಟು ನಂಗೇ ನಾಚ್ಕೆ ಆಯ್ತು."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಅಷ್ಟರಲ್ಲಿ ಆನೆಗೆ ಏನನ್ನಿಸಿತೋ, ಕಿವಿ ಬೀಸಿಕೊಂಡು ಪೊದೆಯೊಳಗೆ ಇಳಿದುಹೋಯಿತು. ಬಸ್ಸು ಹೊರಟಿತು. ಲಾರಿ ಹೊರಟಿತು. ಹಿಂದಿನಿಂದ ಹಾರ್ನೋ ಹಾರ್ನು! ಭಾವ ಕೀಲಿಗೆ ಕೈ ಹಾಕಿದರು. ಅಕ್ಕ ಆ ಕೈಯ ಮೇಲೆ ಕೈ ಇಟ್ಟಳು.

"ನಿಧಾನಕ್ಕೆ ಓಡ್ಸಿ" ಎಂದಳು. "ಆಮೇಕೆ ಏನಾಯ್ತು?"

ಜೀವಮಾನದಲ್ಲಿ ಯಾರಿಗೂ ಸೈಡ್ ಕೊಡದ ನಮ್ಮ ಭಾವ ಆ ದಿನ ಸ್ಕೂಟರುಗಳಿಗೂ ದಾರಿ ಬಿಟ್ಟುಕೊಂಡು, ಎರಡನೇ ಗೇರಿನಲ್ಲಿ, ಹೇಳುತ್ತ ಹೇಳುತ್ತ ಕಾಡು ದಾಟಿದರು. ಬತ್ತೇರಿ ಬಂತು. ಎಡಗಡೆಗೆ ಕಂಪ್ಯೂಟರ್ ಅಂಗಡಿಯ ಬೋರ್ಡೂ ಬಂತು, ಹೋಯಿತು. ಕಂಡದ್ದನ್ನು ಕಂಡ ಹಾಗೆ ತಿಳಿಸುವುದು ನನ್ನ ವೃತ್ತಿ. ಆದರೆ ನಾನು ಆ ಬೋರ್ಡಿನ ಮಾತೆತ್ತಲಿಲ್ಲ, ಬರೆದುಕೊಳ್ಳುತ್ತಲೇ ಇದ್ದೆ. ಅಕ್ಕ ಕಿಟಕಿಯ ಕಡೆಗೆ ಬೆನ್ನು ಮಾಡಿ, ಪೂರ್ತಿ ಭಾವನ ಕಡೆ ತಿರುಗಿ ಕೂತಿದ್ದಳು.