ಬಳೆಯೊಳಗೆ ಹಾದ ಸೀರೆ

ರುಕ್ಮವ್ವ: ಖರೆ ಹೇಳು, ಸೀರಿ ಘಳಿಗಿ ಮುರದೀ ಇಲ್ಲೋ?

ಪೂರ್ಣಿಮಾ: ಮುರೀದ ಹ್ಯಾಂಗ ಹೋಗತೈತಿ ಬೇ? ಮೈಟೊಕಾಂಡ್ರಿಯಾದ ತೂತು ಸಣ್ಣದು. ಪ್ರೋಟೀನು ಮಡಚಿಕೊಂಡು ಕುಂತ್ರ ತೂರಂಗಿಲ್ಲ.

ರಬಕವಿಯ ಆ ನೇಕಾರರ ಮನೆಯ ಪಡಸಾಲೆಯಲ್ಲಿ ಮಗಳು ಪೂರ್ಣಿಮಾ, ನಾಳೆ ಜಮಖಂಡಿ ಕಾಲೇಜಿನಲ್ಲಿ ಒಪ್ಪಿಸಬೇಕಾದ ಜೀವಕೋಶದ ಪಾಠದ ತಾಲೀಮು ನಡೆಸಿದ್ದಳು. ನೂಲಿನ ಪೆಟ್ಟಿಗೆಯ ರಟ್ಟಿಗೆ ತೂತು ಕೊರೆದು ಅವ್ವನ ಬಂಗಾರದ ಬಳೆ ಸಿಕ್ಕಿಸಿದ್ದಳು. ಅದರಲ್ಲಿ ಅರ್ಧ ತೂರಿ ನಿಂತದ್ದು ರುಕ್ಮವ್ವ ತನ್ನ ನಾದಿನಿ ದಾನಮ್ಮನಿಗೆಂದು ತೆಗೆದಿಟ್ಟ ಹೊಸ ಸೀರೆ; ಪಾಠದಲ್ಲಿ ಬಳೆಯೇ ತೂತು, ಸೀರೆಯೇ ಪ್ರೋಟೀನು. ಘಳಿಗೆ, ಅಂದರೆ ಅಂಗಡಿಯ ಮಡಿಕೆ, ಬಿಚ್ಚಿದ ಸೀರೆಯೆಂದರೆ ಬೇರೆಯವರು ಉಟ್ಟ ಸೀರೆಯೆಂದೇ ಎಣಿಸುವ ದಾನಮ್ಮ, ಬನಹಟ್ಟಿಯಲ್ಲಿ ಆಟೊ ಹತ್ತಿದೆನೆಂದು ಫೋನು ಮಾಡಿಯಾಗಿತ್ತು.

ರುಕ್ಮವ್ವ: ಹಿಂದಕ್ಕ ಎಳಿ! ಅಕ್ಕಾರು ಬರೂದ್ರಾಗ ಮಡಚಿ ಇಡ್ತೀನಿ.

ಪೂರ್ಣಿಮಾ: ಒಳಗ ಹೋದದ್ದು ಹಿಂದಕ್ಕ ಬರಂಗಿಲ್ಲ. ಒಳಗಿನವರು ಹಿಡದು ಎಳೀತಾರ.

ರುಕ್ಮವ್ವ: ಯಾರವ್ವಾ ಒಳಗಿನವರು? ನಿಮ್ಮಪ್ಪ ಮಗ್ಗದ ಮುಂದ ಅದಾರ!

ಪೂರ್ಣಿಮಾ: ಅವೂ ಪ್ರೋಟೀನ. ಎಳ್ಯಾಕ ಕೆಲವು, ಮತ್ತ ಮಡಚಾಕ ಕೆಲವು.

ರುಕ್ಮವ್ವ: ಸೆರಗಿಗೆ ಹಚ್ಚಿದ್ದ ಅಕ್ಕಾರ ಹೆಸರಿನ ಚೀಟಿ ಎಲ್ಲಿ?

ಪೂರ್ಣಿಮಾ: ಕತ್ತರಿಸಿದೆ. ಪ್ರೋಟೀನಿಗೆ ಎಲ್ಲಿಗೆ ಹೋಗಬೇಕಂತ ಹೇಳೂ ತುದಿ ಅದು. ಒಳಗ ಮುಟ್ಟಿತಂದ್ರ ಅದರ ಕೆಲಸ ಆತು.

ರುಕ್ಮವ್ವ: ನನ್ನ ಕತೀನೂ ಆತು!

ಬಾಗಿಲಲ್ಲಿ ದಾನಮ್ಮ ನಿಂತಿದ್ದಳು.

ದಾನಮ್ಮ: ವೈನಿ, ನನ್ನ ಸೀರಿ ಘಳಿಗಿ ಯಾರು ಮುರದ್ರು?

ರುಕ್ಮವ್ವ ಮಗಳ ಕಡೆ ಬೊಟ್ಟು ಮಾಡಿದಳು.

ಪೂರ್ಣಿಮಾ: ಛಲೋ ಬಂದ್ರಿ ಅತ್ತಿ! ಘಳಿಗಿ ಈ ಕಡೆ ಬಿಚ್ಚೂದು, ಆ ಕಡೆ ಮಾಡೂದು. ಆ ಕಡೆ ಎಳ್ಯಾಕ ಶಕ್ತಿ ಇದ್ದವರು ಬೇಕು. ನಮ್ಮವ್ವನ ಕೈಲೆ ಆಗಂಗಿಲ್ಲ.

ದಾನಮ್ಮ: ವೈನಿ ಕೈಲೆ ಯಾವಾಗ ಏನಾಗೇತಿ? ಅತ್ತಾಗ ಸರಿ! ಈಗರೆ ಎರಡು ರೊಟ್ಟಿ ತಿಂದು ಬಂದೇನಿ.

ದಾನಮ್ಮ ತನ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಟ್ಟಿನ ಆ ಕಡೆ ನಿಂತು ಎಳೆದಳು. ಸೀರೆ ಸರಸರ ಬಂತು. ಕೊನೆಯ ಜಗ್ಗಿಗೆ ರಟ್ಟು ಹರಿಯಿತು. ಗದ್ದದಡಿ ಅಂಚು ಹಿಡಿದು, ಸೀರೆಯನ್ನು ಚೊಕ್ಕವಾಗಿ ಮಡಚಿ ಚೀಲಕ್ಕಿಳಿಸಿದಳು.

ದಾನಮ್ಮ: ಘಳಿಗಿ ಮಾಡಿದಾಕಿ ನಾನು. ಅಂದ್ರ ಇದು ಹೊಸಾ ಸೀರೀನ.

ರುಕ್ಮವ್ವ ಉಸಿರು ಬಿಟ್ಟಳು. ಅಷ್ಟರಲ್ಲಿ ಸೀರೆಯ ಜೊತೆ ಕಿತ್ತು ಬಂದಿದ್ದ ಬಳೆ ನಾದಿನಿಯ ಮುಂಗೈ ಏರಿತ್ತು.

ದಾನಮ್ಮ: ಒಳಗ ಬಂದದ್ದು ಹಿಂದಕ್ಕ ಹೋಗಂಗಿಲ್ಲ ಅಂದಿ ಅಲ್ಲ ಪೂರ್ಣಿ? ಬಾಗಲದಾಗ ನಿಂತು ಕೇಳೇನಿ.

ರುಕ್ಮವ್ವ: ಅಕ್ಕಾರ, ಅದು ತೂತು ರೀ! ತೂತು ಗ್ವಾಡ್ಯಾಗ ಇರತೈತಿ, ಒಳಗ ಬರಂಗಿಲ್ಲ! ಪೂರ್ಣೀ, ಪುಸ್ತಕ ತಗಿ, ನಿಮ್ಮತ್ತಿಗೆ ಓದಿ ಹೇಳು!